ಹರೆಯದ ಮಕ್ಕಳು, ಸಾಮಾಜಿಕ ಜಾಲತಾಣ ಮತ್ತು ಸಂಯಮ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಪವಿತ್ರ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ಬಿಜೂರಿನ ಒಬ್ಬ ನಿವೃತ್ತ ಶಾಲಾ ಅಧ್ಯಾಪಕನಿಗೆ ಒದಗಿಸಿಕೊಟ್ಟ ವ್ಯವಸ್ಥಾಪಕ ಸಮಿತಿಯವರಿಗೆ ನನ್ನ ಹೃತ್ಪೂರ್ವಕ ಕೃತಜ್ಞತೆಗಳು ಸಲ್ಲುತ್ತವೆ. ನಾನು ಜೈನ ಶಾಸ್ತ್ರಗಳನ್ನು ವ್ಯಾಸಂಗ ಮಾಡಿದವನಲ್ಲ. ಆಹ್ವಾನ ಬಂದಾಗ ಇದನ್ನೇ ಅರಿಕೆ ಮಾಡಿಕೊಂಡು ಹಿಂಜರಿದೆ. "ಶಾಸ್ತ್ರವನ್ನು ವಿದ್ವಾಂಸರು ಹೇಳುತ್ತಾರೆ; ನೀವು ಮಕ್ಕಳ ಕೈಯಲ್ಲಿರುವ ಮೊಬೈಲಿನ ವಿಷಯ ಹೇಳಿ, ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವರಲ್ಲವೇ" ಎಂದು ಅವರು ಧೈರ್ಯ ತುಂಬಿದರು. ಆ ಧೈರ್ಯದ ಮೇಲೆಯೇ ನಿಂತಿದ್ದೇನೆ.

ಇನ್‌ಸ್ಟಾಗ್ರಾಂ, ವಾಟ್ಸಾಪ್, ಯೂಟ್ಯೂಬ್, ಸ್ನ್ಯಾಪ್‌ಚಾಟ್ ಇವೇ ಮೊದಲಾದ ಸಾಮಾಜಿಕ ಜಾಲತಾಣಗಳ ಮಾತು ಬಂದೊಡನೆ ಹಿರಿಯರಾದ ನಾವು ನಿಟ್ಟುಸಿರುಬಿಟ್ಟು "ಈಗಿನ ಮಕ್ಕಳು ಕೆಟ್ಟುಹೋದರು" ಎನ್ನುವುದು ವಾಡಿಕೆಯಾಗಿದೆ. ಆದರೆ ಈ ವಸ್ತು ಮಕ್ಕಳ ಕೈಗೆ ಬಂದ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಂತರ್ಜಾಲ ಅಗ್ಗವಾಯಿತು. ಆಗಲೂ ನಮ್ಮ ಬೈಂದೂರು ಸೀಮೆಯ ಮನೆಗಳಲ್ಲಿ ಮೊಬೈಲು ದೊಡ್ಡವರ ಜೇಬಿನಲ್ಲಿಯೇ ಇತ್ತು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದವು. ಪಾಠವೆಲ್ಲ ಮೊಬೈಲಿನಲ್ಲಿ ಎಂದು ನಾವು ಅಧ್ಯಾಪಕರೇ ಹೇಳಿ ಕಳುಹಿಸಿದೆವು. ಸಿಗ್ನಲ್ ಸಿಗದ ಊರುಗಳಲ್ಲಿ ಮಳೆಗಾಲದಲ್ಲಿಯೂ ಕೊಡೆ ಹಿಡಿದು ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ ಮಕ್ಕಳಿದ್ದಾರೆ. ಅಡಿಕೆ ಮಾರಿದ ಹಣದಲ್ಲಿ, ಸ್ವಸಹಾಯ ಸಂಘದ ಸಾಲದಲ್ಲಿ ತಂದೆತಾಯಿಯರು ಮೊಬೈಲು ಕೊಂಡರು. ಪಾಠ ಶಾಲೆಗೆ ಮರಳಿತು. ಮೊಬೈಲು ಮನೆಯಲ್ಲಿಯೇ ಉಳಿಯಿತು. ಮಗು ಇದನ್ನು ಕದ್ದು ತರಲಿಲ್ಲ. ವಿದ್ಯೆಯ ಹೆಸರಿನಲ್ಲಿ ನಾವೇ ಕೈಗಿತ್ತೆವು.

ಗ್ರಾಮೀಣ ಮಕ್ಕಳ ಕಲಿಕೆಯನ್ನು ದೇಶಾದ್ಯಂತ ಪರಿಶೀಲಿಸುವ 'ಅಸರ್' ಸಮೀಕ್ಷೆಯ 2024ನೆಯ ವರದಿಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ. ಬಳಸಬಲ್ಲವರ ಪೈಕಿ ಸಮೀಕ್ಷೆಯ ಹಿಂದಿನ ವಾರ ಓದಿಗಾಗಿ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು 76. ಅಂಕಿಗಳನ್ನು ಕೇಳಿ ಗಾಬರಿಗೊಳ್ಳುವ ಮೊದಲು, ಆ ಎಪ್ಪತ್ತಾರು ಮಂದಿ ಅಲ್ಲಿಗೆ ಏಕೆ ಹೋಗುತ್ತಾರೆಂದು ಯಾರಾದರೂ ಅವರನ್ನು ಕೇಳಿದ್ದೇವೆಯೇ? ನಾನಂತೂ ಬಹುಕಾಲ ಕೇಳಿರಲಿಲ್ಲ. ಕೇಳದೆ ಮಾಡಿದ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ.

ಶಾಲೆಗಳು ಮತ್ತೆ ತೆರೆದ ವರ್ಷ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಳಗಿನ ಮೊದಲ ಪಾಠದಲ್ಲಿಯೇ ನಿದ್ರೆಗೆ ಜಾರುತ್ತಿದ್ದ. ಮೊದಲು ಗದರಿಸಿದೆ. ಒಂದು ದಿನ ಅವನ ಚೀಲದಲ್ಲಿ ಮೊಬೈಲು ಸಿಕ್ಕಿತು. ರಾತ್ರಿ ಎರಡು ಗಂಟೆಯವರೆಗೆ ರೀಲ್ಸ್ ನೋಡುತ್ತಾನೆಂದು ಸಹಪಾಠಿಗಳು ಹೇಳಿದರು. ಇಡೀ ತರಗತಿಯ ಎದುರು ಅವನನ್ನು ನಿಲ್ಲಿಸಿ, ನಾಲ್ಕು ಕಟುಮಾತುಗಳನ್ನಾಡಿ, ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ವಾರದ ನಂತರ ಕೊಡುವೆನೆಂದು ಘೋಷಿಸಿದೆ. ಅಧ್ಯಾಪಕನಾಗಿ ಕರ್ತವ್ಯವನ್ನು ಮಾಡಿದ ತೃಪ್ತಿ ಆ ದಿನ ನನಗೆ ಪೂರ್ಣವಾಗಿತ್ತು. ಹುಡುಗ ಮರುದಿನ ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ಮನಸ್ಸು ತಡೆಯದೆ ಅವನ ಮನೆಗೆ ಹೋದೆ.

ಮನೆಯಲ್ಲಿದ್ದವರು ಅಜ್ಜಿ ಮತ್ತು ಅವನು. ತಾಯಿ ಇಲ್ಲ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿರುವವರು. ನಮ್ಮ ಕಡೆಯ ಎಷ್ಟು ಮನೆಗಳ ಕಥೆ ಇದೇ ಅಲ್ಲವೇ! ಹೋಟೆಲು ಮುಚ್ಚಿ, ಪಾತ್ರೆ ತೊಳೆದು, ಗಲ್ಲೆಯ ಲೆಕ್ಕ ಮುಗಿಸಿ ಆ ತಂದೆ ಮಗನಿಗೆ ವೀಡಿಯೋ ಕರೆ ಮಾಡುತ್ತಿದ್ದುದು ರಾತ್ರಿ ಹನ್ನೊಂದೂವರೆಗೆ. ನಾನು ಬೀಗ ಹಾಕಿದ್ದು ಆ ಕರೆಗೆ. ಮೂರು ರಾತ್ರಿ ತಂದೆಗೆ ಮಗನ ಮುಖ ಕಾಣಲಿಲ್ಲ. ಏನಾಯಿತೋ ಎಂಬ ಆತಂಕದಲ್ಲಿ ಅವರು ನೆರೆಮನೆಗೆ ಕರೆ ಮಾಡಿದ್ದರಂತೆ. ಹುಡುಗನು ರೀಲ್ಸ್ ನೋಡುತ್ತಿದ್ದುದೂ ಸುಳ್ಳಲ್ಲ. ಕರೆ ಮುಗಿದ ಮೇಲೆ ಮನೆಯ ಮೌನ ಇಮ್ಮಡಿಯಾಗುತ್ತಿತ್ತು. ನಿದ್ರೆ ಬಾರದೆ ಒಂದಾದ ಮೇಲೊಂದು ನೋಡುತ್ತ ಹೋಗುತ್ತಿದ್ದ. ನಾನು ಕಂಡದ್ದು ಅರ್ಧ ಸತ್ಯ, ಅದೂ ಕೊನೆಯ ಅರ್ಧ.

ಅಂದಿನಿಂದ ಮಕ್ಕಳನ್ನು ಕೇಳಲಾರಂಭಿಸಿದೆ. ವಿಚಾರಣೆಯಂತಲ್ಲ, ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಾಗ. ಒಬ್ಬ ಹುಡುಗ ನಮ್ಮ ಕುಂದಾಪ್ರ ಕನ್ನಡದಲ್ಲಿ ನೇರವಾಗಿ ಹೇಳಿದ: "ಅದ್ ಕಾಣ್ದಿರೆ ನಾಳೆ ಶಾಲೆಗ್ ಮಾತಾಡುಕೆ ಎಂತ ಇತ್ತ್ ಮಾಷ್ಟ್ರೇ?" ಈ ಒಂದು ಮಾತಿನಲ್ಲಿ ಬಹಳಷ್ಟು ಅಡಗಿದೆ. ನಾವು ಹುಡುಗರಾಗಿದ್ದಾಗ ಹಿಂದಿನ ರಾತ್ರಿಯ ಯಕ್ಷಗಾನದಲ್ಲಿ ಯಾವ ವೇಷ ಹೇಗೆ ಕುಣಿಯಿತೆಂಬುದನ್ನು ನೋಡದವನು ಮರುದಿನ ಗುಂಪಿನಿಂದ ಹೊರಗೆ ನಿಲ್ಲುತ್ತಿದ್ದ. ಆ ಸ್ಥಾನದಲ್ಲಿ ಇಂದು ರೀಲ್ಸ್ ಇದೆ. ಹರೆಯದ ಪ್ರಾಯದಲ್ಲಿ ತಂದೆತಾಯಿಯರ ಮೆಚ್ಚುಗೆಗಿಂತ ಓರಗೆಯವರ ಮೆಚ್ಚುಗೆ ದೊಡ್ಡದು. ಇದು ಕಲಿಗಾಲದ ದೋಷವಲ್ಲ, ಆ ವಯಸ್ಸಿನ ಧರ್ಮ.

ಹೆಣ್ಣುಮಕ್ಕಳ ಉತ್ತರ ಬೇರೆ. ಹುಡುಗರು ಸಂಜೆ ಗದ್ದೆಗೆ ವಾಲಿಬಾಲಿಗೆ ಹೋಗುತ್ತಾರೆ, ತ್ರಾಸಿ, ಮರವಂತೆಯ ಕಡಲಿಗೆ ಬೈಕಿನಲ್ಲಿ ಹೋಗಿ ಬರುತ್ತಾರೆ. ಹುಡುಗಿ ನಾಲ್ಕೂವರೆಗೆ ಮನೆ ಸೇರಿದರೆ ಮರುದಿನ ಬೆಳಿಗ್ಗೆಯವರೆಗೆ ಅವಳ ಲೋಕ ಅಡಿಗೆಮನೆ ಮತ್ತು ಅಂಗಳ. ಗೆಳತಿಯೊಡನೆ ಹತ್ತು ಮಾತನಾಡಲು ಆಕೆಗಿರುವ ಒಂದೇ ಕಿಟಕಿ ವಾಟ್ಸಾಪ್. ಆ ಕಿಟಕಿಯನ್ನು ಮುಚ್ಚುವ ಮೊದಲು ನಾವು ಬಾಗಿಲೊಂದನ್ನು ತೆರೆದಿದ್ದೇವೆಯೇ? ಇನ್ನು ಕೆಲವು ಮಕ್ಕಳಿಗೆ ಮೊಬೈಲು ಒಂದು ಓಟ, ಅಂಕಗಳ ಭಯದಿಂದ ಓಟ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯಕ್ಕೇ ಪ್ರಥಮ ಬಂದಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಭಾರವನ್ನು ಹೊತ್ತವರು ಹದಿನೈದು ವರ್ಷದವರು. ಹಾಗೆಂದು ಎಲ್ಲವೂ ದುಃಖದ ಕಥೆಯಲ್ಲ. ಚಂಡೆಯ ಪೆಟ್ಟುಗಳನ್ನು ಯೂಟ್ಯೂಬ್ ನೋಡಿ ಕಲಿತವನನ್ನೂ, ತಾನು ಬಿಡಿಸಿದ ಚಿತ್ರಗಳನ್ನು ಜಾಲತಾಣದಲ್ಲಿ ತೋರಿಸಿ ದೂರದೂರಿನವರ ಮೆಚ್ಚುಗೆ ಪಡೆದವಳನ್ನೂ ನಾನು ಬಲ್ಲೆ.

ಮೆಚ್ಚುಗೆಯ ಈ ಹಸಿವೇ ಕೆಲವೊಮ್ಮೆ ಪ್ರಾಣವನ್ನೂ ಕೇಳುತ್ತದೆ. 2023ರ ಜುಲೈ ತಿಂಗಳಲ್ಲಿ ನಮ್ಮದೇ ತಾಲೂಕಿನ ಕೊಲ್ಲೂರಿನ ಸಮೀಪದ ಅರಸಿನಗುಂಡಿ ಜಲಪಾತದಲ್ಲಿ, ಬೇರೆ ಜಿಲ್ಲೆಯಿಂದ ಬಂದಿದ್ದ ತರುಣನೊಬ್ಬ ಭೋರ್ಗರೆಯುವ ನೀರಿನ ಅಂಚಿನ ಬಂಡೆಯ ಮೇಲೆ ನಿಂತಿದ್ದಾಗ ಕಾಲು ಜಾರಿ ಕೊಚ್ಚಿಹೋದುದು ನಿಮಗೆ ನೆನಪಿರಬಹುದು. ಗೆಳೆಯನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದನು. ಶವ ದೊರೆಯಲು ಹಲವು ದಿನಗಳ ಶೋಧ ಬೇಕಾಯಿತು. ಆ ಕೆಲವು ಕ್ಷಣಗಳ ವೀಡಿಯೋ ಮಾತ್ರ ಗಂಟೆಗಳೊಳಗೆ ಊರೂರು ತಿರುಗಿತು. ಅದನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಮಕ್ಕಳಿಗಿಂತ ನಮ್ಮಂತಹ ನರೆಗೂದಲಿನವರೇ ಹೆಚ್ಚಿದ್ದರೆಂದು ಹೇಳಲು ನನಗೆ ಸಂಕೋಚವಾಗುತ್ತದೆ. ನನ್ನ ಮೊಬೈಲಿಗೆ ಅದು ಮೂರು ಕಡೆಯಿಂದ ಬಂತು, ಮೂವರೂ ನಿವೃತ್ತರು.

ಇಷ್ಟು ಕಾರಣಗಳಾಯಿತು. ಈಗ ಸಂಯಮದ ಮಾತು. ಮಕ್ಕಳು ಒಂದು ಕಾರಣಕ್ಕಾಗಿ ಒಳಗೆ ಹೋಗುತ್ತಾರೆ. ಆದರೆ ಹೊರಗೆ ಬಾರದಿರುವುದಕ್ಕೆ ಕಾರಣ ಬೇರೆ. ಉಪ್ಪುಂದದ ಕಡೆ ಹೊಳೆಬದಿಯಲ್ಲಿ ಗಾಳ ಹಾಕಿ ಕುಳಿತವರನ್ನು ನೀವು ನೋಡಿರಬಹುದು. ಎಸೆದಾಗಲೆಲ್ಲ ಮೀನು ಸಿಕ್ಕಿದರೆ ಬುಟ್ಟಿ ತುಂಬಿ ಎದ್ದುಹೋಗುತ್ತಾನೆ. ಒಂದೂ ಸಿಗದಿದ್ದರೆ ಬೇಸತ್ತು ಏಳುತ್ತಾನೆ. ಆಗೊಮ್ಮೆ ಈಗೊಮ್ಮೆ ಸಿಕ್ಕಿದಾಗ ಮಾತ್ರ ಕತ್ತಲಾದರೂ ಕದಲುವುದಿಲ್ಲ. (ಅಹಿಂಸಾಧರ್ಮಿಗಳ ಸಭೆಯಲ್ಲಿ ಮೀನಿನ ಉದಾಹರಣೆ ತಂದುದಕ್ಕೆ ಕ್ಷಮೆಯಿರಲಿ, ಕಡಲಂಚಿನವನಿಗೆ ಬೇರೆ ಹೊಳೆಯಲಿಲ್ಲ.) ಜಾಲತಾಣದಲ್ಲಿ ಹತ್ತು ರೀಲ್ಸ್ ನೀರಸ, ಹನ್ನೊಂದನೆಯದು ಸೊಗಸು. ಮುಂದಿನದೂ ಹಾಗಿರಬಹುದೆಂಬ ಆಸೆಯಲ್ಲಿ ಬೆರಳು ಸರಿಯುತ್ತಲೇ ಇರುತ್ತದೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಯಕ್ಷಗಾನಕ್ಕೆ ಮಂಗಳವಿದೆ. ಇದಕ್ಕೆ ಕೊನೆಯಿಲ್ಲದಂತೆ ಬುದ್ಧಿವಂತರು ಯೋಚಿಸಿಯೇ ರಚಿಸಿದ್ದಾರೆ. ನಾವು ನೋಡುವ ಪ್ರತಿ ನಿಮಿಷವೂ ಜಾಹೀರಾತಿನ ಮೂಲಕ ಅವರಿಗೆ ಆದಾಯ. ಮುಂದಾಲೋಚನೆಯನ್ನೂ ತಡೆಹಿಡಿಯುವ ಶಕ್ತಿಯನ್ನೂ ಒದಗಿಸುವ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯಲು ಇಪ್ಪತ್ತೈದರ ಆಸುಪಾಸಿನ ವಯಸ್ಸಾಗುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ಒಂದು ಕಡೆ ಸಾವಿರಾರು ತಂತ್ರಜ್ಞರು, ಇನ್ನೊಂದು ಕಡೆ ಹದಿನಾಲ್ಕು ವರ್ಷದ ಒಂದು ಮಗು. ಆ ಮಗುವಿಗೆ "ಮನಸ್ಸು ಗಟ್ಟಿಮಾಡಿಕೋ" ಎಂದಷ್ಟೇ ಹೇಳಿ ನಾವು ನಮ್ಮ ಮೊಬೈಲಿನತ್ತ ತಿರುಗಿದರೆ ಅದು ನ್ಯಾಯವಾಗಲಾರದು.

ಹಾಗಾದರೆ ಸಂಯಮ ಎಲ್ಲಿಂದ ಬರುತ್ತದೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಯಿಂದ ಚಿಕ್ಕ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಮಗುವಿನ ಮುಂದೆ ಒಂದು ಸಿಹಿತಿಂಡಿಯಿಟ್ಟು, "ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ" ಎಂದು ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಹಲ್ಲು ಕಚ್ಚಿ ತಿಂಡಿಯನ್ನೇ ನೋಡುತ್ತ ಕುಳಿತವರಲ್ಲ. ಕಣ್ಣು ಮುಚ್ಚಿಕೊಂಡವರು, ಬೆನ್ನು ತಿರುಗಿಸಿದವರು, ತಮ್ಮಷ್ಟಕ್ಕೆ ಹಾಡಿಕೊಂಡವರು. ತಿಂಡಿಗೆ ಮುಚ್ಚಳ ಹಾಕಿದಾಗಲಂತೂ ಹೆಚ್ಚು ಹೊತ್ತು ಕಾದರು. ಕಾದ ಮಕ್ಕಳು ಮುಂದೆ ಓದಿನಲ್ಲಿಯೂ ಮೇಲಾದರೆಂಬ ಮಾತು ಬಹಳ ಪ್ರಚಾರ ಪಡೆಯಿತು. 2018ರಲ್ಲಿ ಬೇರೆ ಸಂಶೋಧಕರು ಹೆಚ್ಚು ಮಕ್ಕಳ ಮೇಲೆ ಪರಿಶೀಲಿಸಿ, ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಬಹಳ ಕ್ಷೀಣವಾಗುತ್ತದೆಂದು ತೋರಿಸಿದರು. ಅಂದರೆ ಮಗುವಿನೊಳಗಿನ ಶಕ್ತಿಯೆಂದು ನಾವು ತಿಳಿದುದರಲ್ಲಿ ದೊಡ್ಡ ಪಾಲು ಮನೆಯದು.

ಇದನ್ನು ತಿಳಿಯಲು ನಿಮ್ಮ ಸಮಾಜದವರು ಸ್ಟ್ಯಾನ್‌ಫರ್ಡಿಗೆ ಹೋಗಬೇಕಾಗಿಲ್ಲ ಎಂಬುದೇ ನನ್ನ ಮುಖ್ಯ ಅರಿಕೆ. ನನ್ನ ತರಗತಿಯಲ್ಲಿ ಜೈನ ಮನೆತನದ ಮಕ್ಕಳಿದ್ದರು. ಒಮ್ಮೆ ಶೈಕ್ಷಣಿಕ ಪ್ರವಾಸದಿಂದ ಹಿಂದಿರುಗುವಾಗ ಕತ್ತಲಾಗಿ, ರಾತ್ರಿ ಎಂಟಕ್ಕೆ ಊಟಕ್ಕೆ ನಿಲ್ಲಿಸಿದೆವು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ನೀರು ಮಾತ್ರ ಕೇಳಿದಳು. "ಹಸಿವಾಗುವುದಿಲ್ಲವೇ?" ಎಂದೆ. "ಆಗುತ್ತದೆ ಸಾರ್, ಆದರೆ ಕತ್ತಲಾದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ" ಎಂದಳು. ಧ್ವನಿಯಲ್ಲಿ ದುಃಖವೂ ಇರಲಿಲ್ಲ, ಗರ್ವವೂ ಇರಲಿಲ್ಲ. ಹಸಿವಿಗಿಂತ ದೊಡ್ಡ ಆಕರ್ಷಣೆ ಯಾವುದಿದೆ? ಅದನ್ನು ಗೆಲ್ಲುವ ಬಲ ಆ ಮಗುವಿಗೆ ಉಪದೇಶದಿಂದ ಬಂದುದಲ್ಲ. ಸೂರ್ಯಾಸ್ತಕ್ಕೆ ಮುನ್ನ ಇಡೀ ಮನೆ ಊಟ ಮುಗಿಸುತ್ತದೆ, ಒಲೆ ಆರುತ್ತದೆ, ಅಜ್ಜನೂ ಉಣ್ಣುವುದಿಲ್ಲ, ಅಪ್ಪನೂ ಉಣ್ಣುವುದಿಲ್ಲ. ಮನೆಯೇ ಸಂಯಮವನ್ನು ಹೊತ್ತಿರುವುದರಿಂದ ಮಗುವಿನ ಪಾಲಿಗೆ ಉಳಿಯುವ ಭಾರ ಸ್ವಲ್ಪ. "ನೀನು ಮಾತ್ರ ಉಣ್ಣಬೇಡ" ಎಂದು ಹೇಳಿ ಅಪ್ಪ ಎದುರಿಗೆ ಕುಳಿತು ಉಂಡಿದ್ದರೆ ಆ ನಿಯಮ ಎಷ್ಟು ದಿನ ಬಾಳುತ್ತಿತ್ತು? ಮೊಬೈಲಿನ ವಿಷಯದಲ್ಲಿ ನಾವು ಮಾಡುತ್ತಿರುವುದು ನಿಖರವಾಗಿ ಅದನ್ನೇ.

ಈ ಪ್ರಸಂಗವನ್ನು ನಿಮ್ಮ ಸಮಾಜದ ಮಿತ್ರರೊಬ್ಬರಿಗೆ ಹೇಳಿದಾಗ ಅವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಒಂದು ವಿಚಾರವನ್ನು ತಿಳಿಸಿದರು. ಭೋಗೋಪಭೋಗಗಳಿಗೆ ಮಿತಿಯನ್ನು ಹಾಕಿಕೊಳ್ಳುವ ವ್ರತದಲ್ಲಿ ಯಮ ಮತ್ತು ನಿಯಮ ಎಂದು ಎರಡು ಬಗೆ. ಬಾಳಿನುದ್ದಕ್ಕೂ ಬಿಡುವುದು ಯಮ, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು ಎಂದು ಕಾಲದ ಮೇರೆ ಇಟ್ಟುಕೊಂಡು ಬಿಡುವುದು ನಿಯಮ. ಅಧ್ಯಾಪಕನ ದೃಷ್ಟಿಯಿಂದ ಇದು ಬಹಳ ವಿವೇಕದ ವಿಂಗಡಣೆಯೆಂದು ನನಗೆ ತೋರಿತು. ನಾವು ಮಕ್ಕಳಿಂದ ಯಾವಾಗಲೂ ಯಮವನ್ನೇ ಕೇಳುತ್ತೇವೆ: "ಇನ್ನು ಮುಂದೆ ಮುಟ್ಟಕೂಡದು." ಅವರು ಆಣೆಯಿಟ್ಟು ಎರಡೇ ದಿನಕ್ಕೆ ಮುರಿಯುತ್ತಾರೆ; ಅನಂತರ ಮುರಿದ ಸಂಗತಿಯನ್ನು ಬಚ್ಚಿಡಲು ಕಲಿಯುತ್ತಾರೆ. ನಿಯಮವನ್ನು ಕೇಳಿದರೆ ಕೊಡಬಲ್ಲರು. ಸಾಮಾಯಿಕದ ಎರಡು ಘಳಿಗೆ, ಅಂದರೆ 48 ನಿಮಿಷ, ಮನೆಯವರೆಲ್ಲರ ಮೊಬೈಲು ಒಂದೇ ಪೆಟ್ಟಿಗೆಯಲ್ಲಿ. ಅಷ್ಟರಿಂದಲೇ ಆರಂಭಿಸಬಹುದಲ್ಲವೇ?

ಇಡೀ ಊರೇ ಹೀಗೆ ಮಾಡಿದ ಉದಾಹರಣೆ ನಮ್ಮ ನೆರೆರಾಜ್ಯದಲ್ಲಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗಿದೊಡನೆ ಮೊಬೈಲು, ಟಿ.ವಿ. ಎರಡನ್ನೂ ಒಂದೂವರೆ ಗಂಟೆ ಬಂದ್ ಮಾಡುವ ಕ್ರಮವನ್ನು ಗ್ರಾಮಸಭೆಯೇ ಒಪ್ಪಿ ತಂದಿತು. ಮೊದಮೊದಲು ನಕ್ಕವರಿದ್ದರು, ಮನೆಮನೆಗೆ ಹೋಗಿ ಹೇಳಬೇಕಾಯಿತು.

ಕಾನೂನು ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು ಒಂದು ಮೇಲ್ಮನವಿಯ ವಿಚಾರಣೆಯ ನಡುವೆ, ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣವನ್ನು ನಿಷೇಧಿಸಿದರೆ ಒಳ್ಳೆಯದೆಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದವರು ಖಾತೆ ಹೊಂದುವುದನ್ನು ತಡೆಯುವ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕೆಂದು ವಿಧಿಸುತ್ತದೆ. ಇವೆಲ್ಲ ಬೇಕು, ಬೇಡವೆನ್ನಲಾರೆ. ಆದರೆ 13 ತುಂಬದವರಿಗೆ ಖಾತೆಯಿಲ್ಲ ಎಂಬ ಈಗಿರುವ ಕಟ್ಟಳೆಯನ್ನು ದಾಟಲು ಮಗುವಿನ ಹುಟ್ಟಿದ ವರ್ಷವನ್ನು ಸುಳ್ಳಾಗಿ ಬರೆದುಕೊಟ್ಟ ತಂದೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ಯವ್ರತದ ಮೊದಲ ಭಂಗ ಅಲ್ಲಿ ಯಾರಿಂದಾಯಿತು?

ತಾಯಂದಿರಲ್ಲಿ ಒಂದು ಮಾತು. ಮಕ್ಕಳ ಮೊಬೈಲನ್ನು ಕಿತ್ತುಕೊಳ್ಳುವ ಬೆದರಿಕೆಯನ್ನು ದಯವಿಟ್ಟು ಅಗ್ಗಮಾಡಬೇಡಿ. ಯಾರೋ ಅಪರಿಚಿತನು ಕೆಟ್ಟ ಸಂದೇಶ ಕಳುಹಿಸಿದಾಗ, ಭಾವಚಿತ್ರವನ್ನು ತಿದ್ದಿ ಹಣ ಕೇಳಿದಾಗ, ಹೆಣ್ಣುಮಗು ಮನೆಯಲ್ಲಿ ಹೇಳದಿರುವುದಕ್ಕೆ ಕಾರಣ ಅವನ ಭಯವಲ್ಲ, ನಿಮ್ಮ ಭಯ. ಹೇಳಿದರೆ ಮೊಬೈಲು ಹೋಗುತ್ತದೆ, ಕಾಲೇಜೂ ನಿಲ್ಲುತ್ತದೆ ಎಂಬ ಭಯ. ನನಗೆ ತಿಳಿದ ಒಬ್ಬ ಹುಡುಗಿ ನಾಲ್ಕು ತಿಂಗಳು ಇದನ್ನು ಒಬ್ಬಳೇ ಹೊತ್ತಳು. "ಏನಾದರೂ ಆದರೆ ನನ್ನಲ್ಲಿ ಹೇಳು, ಮೊಬೈಲು ಕಸಿಯುವುದಿಲ್ಲ" ಎಂಬ ಮಾತನ್ನು ಇಂದೇ ಕೊಡಿ. ಮಕ್ಕಳ ಸಹಾಯವಾಣಿ 1098 ಇದೆ. ಬಿಡಲಾರದ ಮಟ್ಟಕ್ಕೆ ಅಂಟಿಕೊಂಡವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಚಿಕಿತ್ಸಾ ಕೇಂದ್ರ ಕೆಲಸ ಮಾಡುತ್ತಿದೆ. ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿಗೆ ಹೋಗುವುದು ಜ್ವರಕ್ಕೆ ವೈದ್ಯರಲ್ಲಿಗೆ ಹೋದಂತೆಯೇ, ಮರ್ಯಾದೆಯ ಪ್ರಶ್ನೆಯಿಲ್ಲ.

ಆ ಹುಡುಗನ ಕಥೆ ಅರ್ಧಕ್ಕೆ ನಿಂತಿದೆ. ಅಂದು ಅವನ ಮನೆಯ ಜಗಲಿಯಲ್ಲಿ ಕುಳಿತು ಕ್ಷಮೆ ಕೇಳಿ ಮೊಬೈಲನ್ನು ಹಿಂದಿರುಗಿಸಿದೆ. ಏನು ಮಾಡೋಣವೆಂದು ಅವನನ್ನೇ ಕೇಳಿದೆ. ಅಪ್ಪನ ಕರೆ ಮುಗಿದ ಮೇಲೆ ಮೊಬೈಲನ್ನು ಅಜ್ಜಿಯ ತಲೆದಿಂಬಿನ ಕೆಳಗೆ ಇಡುವುದೆಂದು ಅವನೇ ಹೇಳಿದ, ಹದಿನೈದು ದಿನಗಳ ಮಟ್ಟಿಗೆ. ಅಜ್ಜಿಗೆ ಓದು ಬಾರದು. ಇಟ್ಟ ರಾತ್ರಿಗೆ ಒಂದರಂತೆ ಚೆನ್ನೆಮಣೆಯ ಕಾಳನ್ನು ಲೋಟಕ್ಕೆ ಹಾಕುತ್ತ ಹೋದರು. ಹದಿನೈದು ದಿನಕ್ಕೆ ಒಂಬತ್ತು ಕಾಳು. ನಾನು ಮುಖ ಚಿಕ್ಕದು ಮಾಡಿದಾಗ ಅಜ್ಜಿ, "ಒಂಬತ್ತ್ ಸಾಕ್ ಮಾಷ್ಟ್ರೇ, ಮೊದ್ಲ್ ಒಂದೂ ಇರ್ಲಿಲ್ಲ" ಎಂದರು. ಮುಂದಿನ ಪಕ್ಷಕ್ಕೆ ಹನ್ನೊಂದಾಯಿತು, ಪರೀಕ್ಷೆ ಮುಗಿದ ರಜೆಯಲ್ಲಿ ಮೂರಕ್ಕಿಳಿಯಿತು, ಮತ್ತೆ ಏರಿತು.

ಈಗ ಅವನು ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಅಲ್ಲಿ ಅಜ್ಜಿಯಿಲ್ಲ, ತಲೆದಿಂಬಿಲ್ಲ, ಕಾಳಿಲ್ಲ. ಕಳೆದ ದೀಪಾವಳಿಗೆ ಊರಿಗೆ ಬಂದವನು ನನ್ನಲ್ಲಿಗೂ ಬಂದಿದ್ದ. ರಾತ್ರಿ ಮೊಬೈಲನ್ನು ಕೋಣೆಯ ಆಚೆ ತುದಿಯ ಕಪಾಟಿನಲ್ಲಿಟ್ಟು ಮಲಗುತ್ತಾನಂತೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ ಎಂದ. ಯಾವ ದಿನ ಆಗುವುದಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ಅಪ್ಪಯ್ಯ ಫೋನ್ ಮಾಡ್ದೇ ಇದ್ದ್ ದಿನ, ಮಾಷ್ಟ್ರೇ."